ಸೀಟು ಬಿಟ್ಟು ಹೊರಟವರಿಗೆ ಒಂದು ಲೋಟ ಕಾಫಿ

ಅಮೆರಿಕದ ಡರ್ಹಮ್‌ಗೆ ಬಂದ ಮರುದಿನ ಬೆಳಗ್ಗೆ ನನ್ನ ಮನೆಯೊಡತಿ ಡಲೋರಿಸ್ ಹೌಸ್‌ಕೋಟ್ ತೊಟ್ಟು ಕಸದ ಡಬ್ಬಿಯನ್ನು ದರದರ ಎಳೆದುಕೊಂಡು ರಸ್ತೆಯಂಚಿಗೆ ಹೋಗುತ್ತಿದ್ದರು. ಅವರು ಈ ರಾಜ್ಯದ ಶಾಸಕಿ ಎಂದು ಯಾರೋ ಹೇಳಿದಾಗ ನಾನು ನಕ್ಕುಬಿಟ್ಟೆ.

ಶಾಸಕರನ್ನು ಕಾಣದವಳಲ್ಲ ನಾನು. ಅಪ್ಪ ಬೆಂಗಳೂರಿನಲ್ಲಿ ಶಾಸಕರ ಭವನದ ಕ್ಯಾಂಟೀನಿನ ಅಡುಗೆಯವನು. ಆ ಒಲೆಯ ಮುಂದಿನ ಬೆವರಿನಲ್ಲೇ ನಾನು ಬಿ.ಎಸ್ಸಿ. ಮುಗಿಸಿದ್ದು. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು, ಹೇಳಿಕೊಳ್ಳಲು ಸಂಕೋಚವಿಲ್ಲ. ಅಲ್ಲಿ ಶಾಸಕರು ಕೆಮ್ಮಿದರೂ ನಾಲ್ಕು ಜನ ಓಡಿಬರುತ್ತಿದ್ದರು. ಇಲ್ಲಿ ಡಲೋರಿಸ್ ಹಿಂದೆ ಬರುತ್ತಿದ್ದದ್ದು ಅವರ ಬೆಕ್ಕು ಮಾತ್ರ. ಅಧಿವೇಶನವಿಲ್ಲದ ತಿಂಗಳುಗಳಲ್ಲಿ ಅವರು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯೇ ಲ್ಯಾಬಿನಲ್ಲಿ ನನ್ನ ಕೆಲಸ.

ಎರಡು ಸಲ ಸೋತು ಗೆದ್ದಿದ್ದ ಆ ಸೀಟೆಂದರೆ ಅವರಿಗೆ ಪ್ರಾಣ. 1990ರ ಕೊನೆಯಲ್ಲಿ, ಕೊಲ್ಲಿ ಯುದ್ಧಕ್ಕೆ ಸಿದ್ಧತೆ ನಡೆದಾಗ, ಅವರಿಗೆ ರಿಸರ್ವ್‌ನಿಂದ ಕರೆ ಬಂತು. ರಿಸರ್ವ್ ಎಂದರೆ ಮನೆಯಲ್ಲಿದ್ದುಕೊಂಡು ಆಗಾಗ ತರಬೇತಿ ಪಡೆದು, ಕರೆದಾಗ ಹೊರಡುವ ಸೇನೆ. ಡಲೋರಿಸ್ ಮೊದಲು ಕೊಟ್ಟಿದ್ದು ಆ ಸೀಟಿಗೆ ರಾಜೀನಾಮೆ.

ಲ್ಯಾಬಿನ ಗೆಳತಿ, ಮೈಸೂರಿನ ರೆಹಾನಾ ನಂಬಲಿಲ್ಲ. "ಸೀಟ್ ಯಾರಾದ್ರೂ ಬಿಡ್ತಾರೇನೇ? ಲೀವ್ ಅಪ್ಲೈ ಮಾಡ್ಬಹುದಿತ್ತಲ್ಲ! ಏನೋ ಮುಚ್ಚಿಡ್ತಿದಾರೆ, ನೋಡ್ತಿರು."

ನಾನು ನೇರವಾಗಿ ಡಲೋರಿಸ್‌ರನ್ನೇ ಕೇಳಿದೆ.

"ನನ್ನ ಕುರ್ಚಿ ಖಾಲಿ ಇದ್ರೆ ಈ ಬೀದಿಯವರ ಪರ ಮಾತಾಡೋರು ಯಾರು, ಹನಿ?" ಎಂದರು. ‘ಹನಿ’ ಎಂದರೆ ನಮ್ಮ ‘ಪುಟ್ಟಿ’ ಇದ್ದ ಹಾಗೆ.

"ಮತ್ತೆ ಸಿಗದಿದ್ರೆ?"

"ಸೋತು ಅಭ್ಯಾಸ ಇದೆಯಲ್ಲ!" ಎಂದು ನಕ್ಕರು. ಆದರೆ ಮಡಿಸಿಟ್ಟ ಸಮವಸ್ತ್ರವನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

ಹೊರಡುವ ದಿನ ಪೋರ್ಚ್‌ನಲ್ಲಿ, ಅಂದರೆ ಮನೆಯ ಮುಂದಿನ ಜಗುಲಿಯಲ್ಲಿ, ಬೀದಿಯೇ ಸೇರಿತ್ತು. ಬಂದವರೆಲ್ಲ ಅಪ್ಪಿಕೊಂಡು ಕೇಳುವುದು ಒಂದೇ: "ಎಲ್ಲಿಗೆ ಕಳಿಸ್ತಿದಾರೆ?" ಸೇನೆಯ ನಿಯಮ, ಡಲೋರಿಸ್ ಹೇಳುವಂತಿರಲಿಲ್ಲ. ಪ್ರತಿ ಸಲವೂ ಮುಖ ಬಿಗಿಯುತ್ತಿತ್ತು.

ನಾನು ಒಳಗೆ ಹೋಗಿ ಫಿಲ್ಟರ್ ಕಾಫಿ ಮಾಡಿದೆ. ಭವನದಲ್ಲಿ ಶಾಸಕರು ಸೋತರೆ ಸಂಜೆಯೊಳಗೆ ಅವರ ಕೋಣೆ ಬಿಕೋ ಎನ್ನುತ್ತಿತ್ತು. ಆಗ ಅಪ್ಪ ತಾನೇ ಲೋಟ ಹಿಡಿದು ಹೋಗುತ್ತಿದ್ದ. "ಮಾಜಿ ಆದ ದಿನವೇ ಕಣಮ್ಮ ಮನುಷ್ಯನಿಗೆ ಕಾಫಿ ಬೇಕಾಗೋದು" ಎನ್ನುತ್ತಿದ್ದ.

ಡಲೋರಿಸ್ ಒಂದು ಗುಟುಕು ಕುಡಿದು ನನ್ನನ್ನೇ ನೋಡಿದರು. "ನೀನೊಬ್ಬಳೇ ಕೇಳ್ಲಿಲ್ಲ, ಎಲ್ಲಿಗೆ ಅಂತ."

"ನಮ್ಮಲ್ಲಿ ಹೊರಟು ನಿಂತವರನ್ನ ಕೇಳಬಾರದು, ಅಪಶಕುನ. ವಾಪಸ್ ಬಂದ್ಮೇಲೆ ಕೇಳ್ತೀನಿ."

"ಹಾಗಾದ್ರೆ ಬಂದು ಹೇಳಲೇಬೇಕಾಯ್ತು!" ಎಂದು ಲೋಟ ಬರಿದು ಮಾಡಿದರು.

ಬೇಸಿಗೆಗೆ ಬಂದರು, ಬಿಸಿಲಿಗೆ ಸುಟ್ಟು, ತೂಕ ಇಳಿದು. ಅದೇ ಜಗುಲಿಯಲ್ಲಿ ಕಾಫಿ ಕೊಟ್ಟು, "ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದೆ. ಮರಳುಗಾಡಿನ ಡೇರೆ ಆಸ್ಪತ್ರೆಯ ಕಥೆ ಮಧ್ಯಾಹ್ನದವರೆಗೂ ನಡೆಯಿತು.

ಸೀಟು ಮಾತ್ರ ಬೇರೆಯವರ ಕೈಯಲ್ಲಿತ್ತು. ಮುಂದಿನ ಚುನಾವಣೆಗೆ ಮತ್ತೆ ನಿಂತರು. ಅಷ್ಟರಲ್ಲಿ ಡ್ರೈವಿಂಗ್ ಕಲಿತಿದ್ದ ನಾನೇ ಅವರನ್ನು ಬೀದಿಬೀದಿ ಸುತ್ತಿಸಿದೆ. ಒಂದು ಬಾಗಿಲಲ್ಲಿ ಮುದುಕರೊಬ್ಬರು ನನ್ನ ಮೂಗುಬೊಟ್ಟು ನೋಡಿ, "ಎಲ್ಲಿಂದ ಬಂದಿದ್ದಮ್ಮ ನೀನು?" ಎಂದರು. "ಹಿಂದಿನ ಬೀದಿಯಿಂದ" ಎಂದೆ. ಡಲೋರಿಸ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೆದ್ದರು.

ಅಪ್ಪನಿಗೆ ಫೋನ್ ಮಾಡಿದೆ. ಅವನಿಗೆ ತನ್ನ ಭವನದವರೇ ಗೆದ್ದಷ್ಟು ಖುಷಿ. "ನೀನೂ ಓಟು ಹಾಕಿದ್ಯಾ?"

"ನಂಗಿಲ್ಲಿ ಓಟಿಲ್ಲಪ್ಪಾ."

"ಇಲ್ಲೂ ಓಟರ್ ಲಿಸ್ಟಿಂದ ನಿನ್ನ ಹೆಸರು ತೆಗೆದ್ಹಾಕಿದಾರಮ್ಮ" ಎಂದ. ಇಬ್ಬರೂ ನಕ್ಕೆವು.

ನಾನು ವಿಮಾನ ಹತ್ತಲು ಹೊರಟ ದಿನ ಅಪ್ಪನೂ ಎಲ್ಲಿಗೆ ಎಂದು ಕೇಳಿರಲಿಲ್ಲ. ವಾಪಸ್ ಬಂದ ಮೇಲೆ ಕೇಳೋಣವೆಂದು ಇನ್ನೂ ಇಟ್ಟುಕೊಂಡಿದ್ದಾನೆ.