ಪಂಪಿನ ಸ್ಲೀವು ಮತ್ತು ಇಪ್ಪತ್ನಾಲ್ಕನೆಯ ಹಾಡು

ತಮಿಳು ಸೀಮೆಯ ಗಣಪತಿ ಎಂಬ ಊರಿನಲ್ಲಿ ಪಂಪು ಮಾಡುವ ವರ್ಕ್‌ಶಾಪುಗಳಿಗೆ ಬರವಿಲ್ಲ. ಆದರೆ ವೆಂಕಟಾಚಲಂ ಅವರ ಪ್ರಕಾರ, ಲೇತಿನಲ್ಲಿ ಲೋಹ ಕಡೆಯುವ ಟರ್ನರ್ ಎನ್ನಿಸಿಕೊಳ್ಳಬಹುದಾದವನು ಆ ಊರಿಗೆಲ್ಲ ಒಬ್ಬನೇ. ಯಾರದು ಎಂದು ಕೇಳಿದರೆ ಅವರು ಹೆಸರು ಹೇಳುತ್ತಿರಲಿಲ್ಲ, ಮೀಸೆ ನೀವುತ್ತಿದ್ದರು. ತಾತ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು, ಅಪ್ಪ ಮಿಲ್ಲಿಗೆ ಹೋದವರು, ಇವರು ಲೇತ್ ಹಿಡಿದವರು. ಮನೆಯಲ್ಲಿ ಮಾತ್ರ ಇಂದಿಗೂ ಕನ್ನಡ. ಅದನ್ನು ಓದಲು ಯಾರಿಗೂ ಬರುವುದಿಲ್ಲ, ಜಗಳವಾಡಲು ಎಲ್ಲರಿಗೂ ಬರುತ್ತದೆ.

ವಾರವೆಲ್ಲ ಲೇತ್ ಆದರೆ ಮುಹೂರ್ತವಿದ್ದ ದಿನ ಸಂಜೆ ಗಿಟಾರ್. ಗೆಳೆಯ ಕರುಪ್ಪುಸಾಮಿಯ ಆರ್ಕೆಸ್ಟ್ರಾದಲ್ಲಿ ಮೂವತ್ತು ವರ್ಷ, ಸೂಲೂರಿನಿಂದ ಮೆಟ್ಟುಪಾಳ್ಯದವರೆಗೆ ಅವರು ನುಡಿಸದ ಕಲ್ಯಾಣ ಮಂಟಪ ಉಳಿದಿರಲಿಲ್ಲ. ಸಿನಿಮಾ ಹಾಡುಗಳು ಎಲ್ಲರದೂ. ಅವರದೇ ಎನ್ನುವುದು ಒಂದಿತ್ತು, ಒಂದು ಹಳೆಯ ಇಂಗ್ಲಿಷ್ ಹಾಡು. ಯಾರೋ ಕೊಟ್ಟ ಕ್ಯಾಸೆಟ್ಟನ್ನು ಸವೆಯುವವರೆಗೆ ತಿರುಗಿಸಿ ಕಿವಿಯಿಂದಲೇ ಕಲಿತದ್ದು. ಮಾತು ಒಂದೂ ತಿಳಿಯದು. ಡ್ರಮ್ಮು ಸುತ್ತಿಗೆಯ ಹಾಗೆ ಬೀಳುವಾಗ ಗಿಟಾರು ಅದರ ಮೇಲೆ ಕೂಗಿಕೊಂಡು ಹೋಗಬೇಕು. ಬೆರಳು ತಂತಿಯ ಮೇಲೆ ಓಡುವುದನ್ನು ನೋಡಲು, ಊಟಕ್ಕೆ ಎದ್ದವರೂ ಮತ್ತೆ ಕೂರುತ್ತಿದ್ದರು. ಒಮ್ಮೆ ವೇದಿಕೆಯ ಪಕ್ಕದಲ್ಲಿ ಕೂತು ಕೇಳಿದ ಒಂಬತ್ತು ವರ್ಷದ ಮಗಳು ನಿತ್ಯಾ, "ಅಪ್ಪಾ, ನನ್ನ ಕಲ್ಯಾಣಕ್ಕೂ ನೀನೇ ಇದ ಬಾರಿಸ್ಬೇಕು" ಎಂದಿದ್ದಳು. "ಸೆರಿ ಕಣ್ಣು" ಎಂದು ಮುದ್ದಿನಿಂದ ಒಪ್ಪಿದ್ದರು ಅಪ್ಪ.

ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಲೇತಿನ ಚಕ್ಕು ತಿರುಗುತ್ತಿರುವಾಗಲೇ, ಕಡೆದು ಬಿದ್ದ ಕಬ್ಬಿಣದ ಸುರುಳಿ ಎಳೆಯಲು ಅವರು ಕೈಗವಸು ಹಾಕಿದ ಎಡಗೈಯನ್ನು ಮುಂದೆ ಚಾಚಿದರು. ಮೂವತ್ತೈದು ವರ್ಷ ಎಲ್ಲ ಹೊಸಬರಿಗೂ ಬೈದು ಬೈದು ಹೇಳಿದ್ದ ಬುದ್ಧಿ ಅವರಿಗೇ ಆ ಕ್ಷಣ ನೆನಪಾಗಲಿಲ್ಲ. ಗವಸು ಚಕ್ಕಿಗೆ ಸಿಕ್ಕಿ ನಡುಬೆರಳು, ಉಂಗುರದ ಬೆರಳು ಅರ್ಧರ್ಧ ಹೋದವು. ಲೇತಿಗೆ ಉಳಿದ ಬೆರಳು ಸಾಕಾದವು. ತಂತಿ ಒತ್ತಲು ಸಾಲಲಿಲ್ಲ. ಅವರ ಜಾಗದಲ್ಲಿ ಕರುಪ್ಪುಸಾಮಿ ಕೀಬೋರ್ಡ್ ತಂದಿಟ್ಟ. ಗಿಟಾರು ಬೀರುವಿನ ಮೇಲೆ ಸೇರಿತು.

ಈಗ ನಿತ್ಯಾಳ ಮದುವೆ. ರಿಸೆಪ್ಷನ್ನಿಗೆ ಕರುಪ್ಪುಸಾಮಿಯದೇ ಆರ್ಕೆಸ್ಟ್ರಾ. ಹಾಡುಗಳ ಪಟ್ಟಿಯನ್ನು ಮದುಮಗಳೇ ಬರೆದು ಅಪ್ಪನ ಕೈಗೆ ಕೊಟ್ಟಳು. ಇಪ್ಪತ್ತಮೂರು ಹಾಡು. ವೆಂಕಟಾಚಲಂ ಮೇಲಿನಿಂದ ಕೆಳಕ್ಕೆ ಓದಿದರು, ಕೆಳಗಿನಿಂದ ಮೇಲಕ್ಕೂ ಓದಿದರು. ಅವರ ಹಾಡು ಇರಲಿಲ್ಲ.

ಮರೆತಿದ್ದರೆ ಬೇಸರವಾಗುತ್ತಿರಲಿಲ್ಲ. ಅಪ್ಪನಿಗೆ ನೋವಾಗಬಾರದೆಂದು ಮಗಳು ಬೇಕೆಂದೇ ಬಿಟ್ಟಿದ್ದಾಳೆ ಎಂಬುದು ಅವರಿಗೆ ಹೊಳೆಯಿತು. ಅದೇ ಚುಚ್ಚಿತು. ಕೊಟ್ಟ ಸಾಲ ವಾಪಸು ಕೇಳಲು ಬಂದವರೂ ಗದರಿಸಿ ಕೇಳಿದ್ದರೇ ಹೊರತು, ಅವರನ್ನು ಕಂಡು ಅಯ್ಯೋ ಎಂದವರು ಯಾರೂ ಇರಲಿಲ್ಲ. ಈಗ ಹೆತ್ತ ಮಗಳೇ ಅಂದಿದ್ದಾಳೆ, ಅದೂ ಬಾಯಿಬಿಡದೆ.

ಅಂದೇ ಗಿಟಾರು ಕೆಳಗಿಳಿಯಿತು. ಎದೆಗೆ ಆನಿಸಿ ಹಿಡಿಯಲಾಗದ್ದನ್ನು ಅವರು ಮಗುವಿನಂತೆ ತೊಡೆಯ ಮೇಲೆ ಮಲಗಿಸಿದರು. ತಂತಿಗಳ ಕೆಳಗೆ ಕಬ್ಬಿಣದ ತುಂಡು ಕೊಟ್ಟು ಎತ್ತರಿಸಿದರು. ಬೆರಳು ಒತ್ತಬೇಕಾದಲ್ಲಿ ಒಂದು ಲೋಹದ ಕೊಳವೆಯನ್ನು ತಂತಿಯ ಮೇಲೆ ಜಾರಿಸಿದರೆ ಸಾಕು, ಕೊಳವೆ ಹಿಡಿಯಲು ಹೆಬ್ಬೆರಳು ತೋರುಬೆರಳು ಇವೆಯಲ್ಲ. ಊರಿಗೊಬ್ಬನೇ ಟರ್ನರ್ ಆದವನಿಗೆ ಕೊಳವೆ ಯಾವ ಲೆಕ್ಕ? ವರ್ಕ್‌ಶಾಪಿನಲ್ಲಿ ಊಟದ ಬಿಡುವಿನಲ್ಲಿ ಸ್ಟೀಲಿನಲ್ಲಿ ಒಂದು ಕಡೆದರು, ಕೂದಲೆಳೆಯಷ್ಟೂ ಅಳತೆ ತಪ್ಪದಂತೆ. ತಂತಿಯ ಮೇಲಿಟ್ಟರೆ ಕೀರಲು ದನಿ. ಹಿತ್ತಾಳೆಯಲ್ಲಿ ಕಡೆದರು, ಅದೂ ಕೀರಿತು. ತಂತಿ ಸರಿಯಿಲ್ಲ ಎಂದು ತಂತಿ ಬದಲಿಸಿದರು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಹೆಂಡತಿ ಗೋಕಿಲಾ ಅಡುಗೆಮನೆಯಿಂದಲೇ ಹೇಳಿದರು.

ದೋಷ ನೆಲದ್ದೂ ಅಲ್ಲ, ಕುಣಿತದ್ದೂ ಅಲ್ಲ. ಎಷ್ಟೇ ನಯವಾಗಿ ಕಡೆದರೂ ಲೇತಿನ ಉಳಿ ಲೋಹದ ಮೇಲೆ ಕಣ್ಣಿಗೆ ಕಾಣದ ಗೆರೆ ಬಿಡುತ್ತದೆ. ಪಂಪಿಗೆ ಅದು ಲೆಕ್ಕಕ್ಕಿಲ್ಲ, ತಂತಿಗೆ ಇದೆ. ಇದು ಟರ್ನರಿಗೆ ಹೊಳೆದದ್ದು ತಾನು ಕಡೆದದ್ದನ್ನು ನೋಡಿ ಅಲ್ಲ, ತಾನು ಬಿಸಾಡಿದ್ದನ್ನು ನೋಡಿ. ಅನ್ನೂರಿನ ರೈತರೊಬ್ಬರ ಬಾವಿಯಿಂದ ರಿಪೇರಿಗೆ ಬಂದಿದ್ದ ಪಂಪನ್ನು ಬಿಚ್ಚಿ, ಅದರ ತಿರುಗುವ ಶಾಫ್ಟಿಗೆ ತೊಡಿಸಿದ್ದ ಸವೆದ ಸ್ಲೀವನ್ನು, ಗನ್‌ಮೆಟಲ್ ಎಂಬ ಕಂಚಿನ ಕೊಳವೆಯನ್ನು, ಗುಜರಿ ಡಬ್ಬಕ್ಕೆ ಎಸೆದಿದ್ದರು. ಹನ್ನೆರಡು ವರ್ಷ ನೀರೊಳಗೆ ತಿರುಗಿ ತಿರುಗಿ ಅದರ ಮೈ ಕನ್ನಡಿಯಾಗಿತ್ತು. ಮನೆಗೆ ತಂದು ತಂತಿಯ ಮೇಲಿಟ್ಟು ಎಳೆದರು. ದನಿ ಎಲ್ಲೂ ತಡೆಯದೆ ಜಾರಿಕೊಂಡು ಬಂದಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತನ್ನು ಆ ದಿನ ಅವರು ತಮಗೆ ತಾವೇ ನಾಲ್ಕು ಸಲ ಹೇಳಿಕೊಂಡರು.

ಒಂದೇ ತೊಡಕು. ಕೊಳವೆ ಬೆರಳಿನಷ್ಟು ವೇಗವಾಗಿ ಓಡದು. ಕೂಗಿಕೊಂಡು ಹೋಗುತ್ತಿದ್ದ ಹಾಡು ಈಗ ಎತ್ತಿನ ಗಾಡಿಯಂತೆ ನಡೆಯಿತು. ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಡಿಸೈನ್ ಎಂಜಿನಿಯರ್, ಮೈಸೂರಿನ ಸುಮುಖ, ಒಂದು ಮಧ್ಯಾಹ್ನ ಮನೆಗೆ ಬಂದವನು ಇದನ್ನು ಕೇಳಿ ಹಾಡಿನ ಗುರುತು ಹಿಡಿದ.

"ಸಾರ್, ಇದರ ಅರ್ಥ ಗೊತ್ತಾ ನಿಮಗೆ? ಮನೆ ಬಿಟ್ಟು ಹೋದವಳನ್ನು ನೆನೆಸಿಕೊಂಡು ಒಬ್ಬ ಅಳುವ ಹಾಡು. ಇದನ್ನು ಮದುವೆಗಳಲ್ಲಿ ನುಡಿಸ್ತಿದ್ರಾ?"

ವೆಂಕಟಾಚಲಂ ಕೊಳವೆಯನ್ನು ತಂತಿಯಿಂದ ಎತ್ತಿದರು. ಮೂವತ್ತು ವರ್ಷದ ಮದುವೆಗಳೆಲ್ಲ ಅವರ ಕಣ್ಣ ಮುಂದೆ ಹಾದುಹೋಗಿರಬೇಕು.

"ತಂಬಿ, ಕಲ್ಯಾಣ ಅಂದ್ರೆ ಹೆಣ್ಣು ಮನೆ ಬಿಟ್ಟು ಹೋಗೋದು ತಾನೇ? ಸೆರಿಯಾಗೇ ಬಾರ್ಸಿದೀನಿ. ವೇಗ ಮಾತ್ರ ತಪ್ಪಾಗಿತ್ತು."

ಕರುಪ್ಪುಸಾಮಿಗೆ ವಿಷಯ ಹೇಳಿದಾಗ ಅವನು ಬೇಡವೆಂದು ತಮಿಳಿನಲ್ಲಿ ಒಂದು ಗಂಟೆ ವಾದಿಸಿದ. ಹೆಣ್ಣಿನ ತಂದೆ ಮಂಟಪದ ಬಾಗಿಲಲ್ಲಿ ನಿಂತು, ಬಂದವರಿಗೆ ಪನ್ನೀರು ಚಿಮುಕಿಸಿ ಕೈಮುಗಿಯಬೇಕು. ಆರ್ಕೆಸ್ಟ್ರಾದವರ ಜೊತೆ ಕೂತರೆ ಗಂಡಿನ ಕಡೆಯವರು ಮರ್ಯಾದೆ ಕಡಿಮೆಯಾಯಿತು ಅನ್ನುತ್ತಾರೆ. ಮೇಲಾಗಿ ನಡುವೆ ಕೈ ತಪ್ಪಿದರೆ ಆ ಹುಡುಗಿ ಎಲ್ಲರ ಮುಂದೆ ಅತ್ತುಬಿಡುತ್ತಾಳೆ. ಕೊನೆಯದು ವೆಂಕಟಾಚಲಂ ಅವರಿಗೂ ಗೊತ್ತಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವರದು. ಗಂಡನನ್ನು ಕರೆದು ಗೋಕಿಲಾ ತೀರ್ಪು ಕೊಟ್ಟರು.

"ಏನುಂಗ, ಬಾಗ್ಲಲ್ಲಿ ನಾನು ನಿಲ್ತೀನಿ. ಪನ್ನೀರ್ ಚಿಮುಕ್ಸೋಕೆ ಮೀಸೆ ಬೇಕಾ?"

ಸೂಲೂರಿನ ಮಂಟಪದಲ್ಲಿ ರಾತ್ರಿ ಒಂಬತ್ತಕ್ಕೆ ಇಪ್ಪತ್ತಮೂರನೆಯ ಹಾಡು ಮುಗಿಯಿತು. ರೇಷ್ಮೆ ಪಂಚೆ ಉಟ್ಟ ಮದುಮಗಳ ಅಪ್ಪ ಮೆಟ್ಟಿಲು ಹತ್ತಿ, ಆರ್ಕೆಸ್ಟ್ರಾದ ನಡುವೆ ಕುರ್ಚಿ ಎಳೆದು ಕೂತು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಡ್ರಮ್ಮಿನವನಿಗೆ ಮೊದಲೇ ತಾಕೀತು ಆಗಿತ್ತು, ಮೆಲ್ಲಗೆ, ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆಗೆ ಬರುವಷ್ಟು ಮೆಲ್ಲಗೆ.

ಮೊದಲ ಎಳೆತಕ್ಕೇ ನಿತ್ಯಾ ತಿರುಗಿ ನೋಡಿದಳು. ಎದುರು ನಿಂತಿದ್ದ ನೆಂಟರ ಕೈಗೆ ಅವರೇ ಕೊಟ್ಟ ಉಡುಗೊರೆ ವಾಪಸು ಕೊಟ್ಟೇಬಿಟ್ಟಳು. ಎರಡನೆಯ ಸುತ್ತಿನಲ್ಲಿ ಸ್ಲೀವು ಒಂದಿಷ್ಟು ಆಚೆ ಜಾರಿತು. ಕರುಪ್ಪುಸಾಮಿ ಕಣ್ಣು ಮುಚ್ಚಿಕೊಂಡ. ವೆಂಕಟಾಚಲಂ ಮಾತ್ರ ಆ ತಪ್ಪು ಸ್ವರದಿಂದಲೇ ನಿಧಾನವಾಗಿ ಸರಿಯಾದ ಜಾಗಕ್ಕೆ ಎಳೆದು ತಂದರು, ಮುಂದಿನ ಸುತ್ತಿನಲ್ಲಿ ಬೇಕೆಂದೇ ಹಾಗೆ ಮಾಡಿದರು. ಊಟಕ್ಕೆ ಎದ್ದವರು ಕೂತರು. ನಿತ್ಯಾ ಅಳಲಿಲ್ಲ. ಅತ್ತದ್ದು ಕರುಪ್ಪುಸಾಮಿ.

ಮುಗಿದ ಮೇಲೆ ಸುಮುಖ ಓಡಿಬಂದ. "ಸಾರ್, ಅಮೆರಿಕಾದ ಹಳ್ಳಿ ಕಡೆ ಇದೇ ರೀತಿ ಗಿಟಾರ್ ತೊಡೆ ಮೇಲೆ ಮಲಗಿಸಿ, ಉಕ್ಕಿನ ತುಂಡು ಜಾರಿಸಿ ನುಡಿಸ್ತಾರೆ. ಕಂಟ್ರಿ ಅಂತಾರೆ ಇದಕ್ಕೆ. ನೀವು ನುಡಿಸಿದ್ದು ಅಪ್ಪಟ ಕಂಟ್ರಿ."

ವೆಂಕಟಾಚಲಂ ಟವೆಲಿನಿಂದ ಮುಖ ಒರೆಸಿಕೊಂಡರು.

"ಅಪ್ಪಡಿಯಾ? ಅವ್ರಿಗೂ ಬೆರಳು ಹೋಗಿತ್ತಾ?"

ಅಷ್ಟರಲ್ಲಿ ಮಗಳು ಸೀರೆ ಎತ್ತಿಹಿಡಿದು ಆರ್ಕೆಸ್ಟ್ರಾದ ಕಡೆಗೇ ಬಂದಿದ್ದಳು. "ನಾನು ಪಟ್ಟೀಲಿ ಬರೀಲಿಲ್ಲ ಅಪ್ಪಾ" ಎಂದಳು.

"ಗೊತ್ತು ಕಣ್ಣು. ಅದಕ್ಕೇ ಬಾರಿಸ್ದೆ."

ಅವಳು ಅಪ್ಪನ ಎಡಗೈ ಹಿಡಿದು, ಅದರಲ್ಲಿದ್ದ ಸ್ಲೀವನ್ನು ತೆಗೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಫೋಟೋದವನು ಕರೆದ, ಅವಳು ಹಾಗೆಯೇ ಹೋಗಿ ನಿಂತಳು. ಆಲ್ಬಮ್ಮಿನಲ್ಲಿ ಅಲ್ಲಿಂದ ಮುಂದಿನ ಫೋಟೋಗಳಲ್ಲೆಲ್ಲ ಮದುಮಗಳ ಒಂದು ಕೈಯಲ್ಲಿ ಹೂಗುಚ್ಛವಿದೆ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಅನ್ನೂರಿನ ಬಾವಿಯ ಪಂಪಿನ ಸ್ಲೀವು ಇದೆ.