ಮಗ್ಗದ ಮನೆಗೆ ಬಂದ ಹೊಸ ಸ್ಟಿಕ್

ನನ್ನ ತಂಗಿ ಬಾಗಿಲಲ್ಲೇ ನಿಂತು ಎರಡೂ ಕಿವಿ ಮುಚ್ಚಿಕೊಂಡಳು. ಸಮೇತನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ನಮ್ಮನ್ನು ನೋಡಲೆಂದೇ ಬಂದವಳು. ಅವತ್ತು ಭಾನುವಾರ, ಮನೆಯೊಳಗಿನ ನಾಲ್ಕೂ ವಿದ್ಯುತ್ ಮಗ್ಗಗಳು ನಿಂತಿದ್ದವು. ನಾನೂ ನಮ್ಮ ಯಜಮಾನರೂ ಟಿವಿಗೆ ಹೊಸ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ ಧಾರಾವಾಹಿ ನೋಡುತ್ತಿದ್ದೆವು.

ತಂಗಿಯ ತುಟಿ ಆಡಿತು. ಮಗ್ಗದ ಸದ್ದಿನಲ್ಲೇ ಬದುಕುವ ನಮಗೆ ತುಟಿ ನೋಡಿ ಮಾತು ತಿಳಿಯುವುದು ರೂಢಿ.

"ಅಕ್ಕಾ, ಬೀದಿ ಕೊನೇವರ್ಗೂ ಕೇಳಿಸ್ತೈತೆ. ಸೌಂಡ್ ಕಮ್ಮಿ ಮಾಡು."

"ಸೌಂಡೇ ಬರ್ತಿಲ್ಲ ಕಣಮ್ಮ," ಎಂದರು ಯಜಮಾನರು. "ಅದಕ್ಕೇ ಹಳೇದು ತೆಗ್ದು ಹೊಸಾದು ಹಾಕಿರೋದು."

ನಾನೂ ಹೌದೆಂದು ತಲೆಯಾಡಿಸಿದೆ. ಹಳೆಯದರಲ್ಲಿ ಪಾತ್ರಗಳು ಆಚೆ ತಿರುಗಿ ಮಾತಾಡಿದರೆ ಒಂದು ಪದವೂ ಸಿಗುತ್ತಿರಲಿಲ್ಲ. ಹೊಸದರಲ್ಲೂ ಅಷ್ಟೇ ಆಗಿತ್ತು. ಇದೂ ಕೆಟ್ಟದ್ದೇ ಇರಬೇಕು, ನಾಳೆ ಅಂಗಡಿಗೆ ವಾಪಸ್ ಕೊಡೋಣ ಎಂದು ಆಗಷ್ಟೇ ಮಾತಾಡಿಕೊಂಡಿದ್ದೆವು.

ತಂಗಿ ರಿಮೋಟ್ ತೆಗೆದುಕೊಂಡಳು. ಪರದೆಯ ಮೇಲೆ ನೂರು ಎಂದಿದ್ದದ್ದು ಇಪ್ಪತ್ತಕ್ಕೆ ಇಳಿಯಿತು. ಅವಳು ನಿರಾಳವಾಗಿ ಒಳಗೆ ಬಂದು ಕೂತಳು, ಅತ್ತೆ ಪಾತ್ರದವಳು ಏನೋ ಅಂದದ್ದಕ್ಕೆ ನಕ್ಕಳು ಕೂಡ. ನಮ್ಮಿಬ್ಬರಿಗೆ ಏನೂ ಕೇಳಿಸಲಿಲ್ಲ. ನಾನು ಯಜಮಾನರ ಮುಖ ನೋಡಿದೆ, ಅವರು ನಿಂತ ಮಗ್ಗಗಳ ಕಡೆ ನೋಡುತ್ತಿದ್ದರು.

ಕೆಡದೇ ಇದ್ದ ಹಳೆಯ ಸ್ಟಿಕ್ಕನ್ನು ತಂಗಿಗೇ ಕೊಟ್ಟು ಕಳಿಸಿದೆವು. ಹೊಸದು ದಂಡ ಅನ್ನಲಾರೆ. ಅದರಲ್ಲಿ ಚಿತ್ರ ನಿಚ್ಚಳವಾಗಿದೆ, ತುಟಿಗಳು ಚೆನ್ನಾಗಿ ಕಾಣುತ್ತವೆ.