ತಾಳೆಯಾದ ಮೇಲೆ ಚಹಾ

ತೊಂಬತ್ಮೂರರ ಭೂಕಂಪದ ನಂತರದ ವರ್ಷಗಳಲ್ಲಿ ರೈತರ ಕಾಳು ತೂಗಿ ಮಾರಿಸಿಕೊಡುವ ಉದಗೀರದ ನಮ್ಮ ಅಡತಿ ಅಂಗಡಿಯ ಕಂಪ್ಯೂಟರ್ ದುರಸ್ತಿಗೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಬಂದವನೇ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಡಿಸ್ಕಿನ ಸದ್ದು ಕೇಳುತ್ತಿದ್ದ. ಚಹಾ ಕೊಟ್ಟರೆ ಬದಿಗೆ ಸರಿಸಿ, "ತಾಳೆ ಆಗ್ಲಿ ರೀ ಆಯಿ, ಆಮ್ಯಾಲ ಕುಡೀತೀನಿ" ಅನ್ನುತ್ತಿದ್ದ.

ಸಂತೆ ದಿನ ಯಂತ್ರ ನಿಧಾನವಾದರೆ ತೂಕದ ಚೀಟಿ ತಡವಾಗಿ, ಜಳಕೋಟದ ರೈತರಿಗೆ ಕೊನೆಯ ಬಸ್ಸು ತಪ್ಪುತ್ತಿತ್ತು. ಅದಕ್ಕೇ ಒಂದು ಸಂತೆಯ ಹಿಂದಿನ ದಿನ ಅವನನ್ನು ಕರೆಸಿದೆವು. ಯಂತ್ರ ನಡೆಸುವ ಯುನಿಕ್ಸಿನಲ್ಲಿ ಏನೋ ಬರೆದು, ಡಿಸ್ಕಿಗೆ ಲೆಕ್ಕ ಸಾಗಿಸುವ ಕಂಟ್ರೋಲರಿನ ವೇಗ ಏರಿಸಿದ. ಯಂತ್ರ ಓಡತೊಡಗಿತು.

"ಸಾಕು ಬಿಡಪಾ, ಹಿಂಗೇ ಇರ್ಲಿ," ಅಂದ ನನ್ನ ಮಗ.

ಮೆಕ್ಯಾನಿಕ್ ಕೇಳಲಿಲ್ಲ. ದೊಡ್ಡದೊಂದು ಫೈಲಿನ ನಕಲು ತೆಗೆದು ಮೂಲದ ಜೊತೆ ಹೋಲಿಸಿದ. ಎರಡೂ ಒಂದೇ ಥರ ಇರಲಿಲ್ಲ; ನಕಲಿನಲ್ಲಿ ಕೆಲವು ಅಕ್ಷರ ತಪ್ಪಿದ್ದವು.

"ಓಡ್ತದ ಖರೆ ಸಾವ್ಕಾರ, ಹಾದ್ಯಾಗ ಚೆಲ್ತದ."

"ಒಂದೆರಡು ಅಕ್ಷರ ಹ್ವಾದ್ರ ಏನಾತು?" ಮಗ ಗೊಣಗಿದ.

"ದೇವಣಿಯಾಗ ತೂಗಿ ಬಂದ ಚೀಲ ಬಾಗಿಲದಾಗ ನಾ ಯಾಕ ಮತ್ತ ತೂಗಸ್ತೀನಿ? ಸುಮ್ಕ ಕೂಡು," ಅಂದೆ.

ಮೆಕ್ಯಾನಿಕ್ ವೇಗವನ್ನು ಒಂದು ಮೆಟ್ಟಿಲು ಇಳಿಸಿ ಮತ್ತೆ ನಕಲು ತೆಗೆದ. ಈ ಸಲ ತಾಳೆಯಾಯಿತು. ವೇಗವೂ ಅವನು ಬರುವ ಮೊದಲು ಇದ್ದದ್ದಕ್ಕಿಂತ ಹೆಚ್ಚೇ ಇತ್ತು. ಆಗ ಬದಿಗೆ ಸರಿಸಿಟ್ಟಿದ್ದ ಲೋಟಕ್ಕೆ ಕೈ ಹಾಕಿದ. ಚಹಾ ಆರಿ ಕೆನೆಗಟ್ಟಿತ್ತು.

ನಾನು ಯಾರಿಗೂ ಎರಡನೇ ಸಲ ಚಹಾ ಕಾಸುವವಳಲ್ಲ. ಅವನಿಗೆ ಕಾಸಿಕೊಟ್ಟೆ.